ಸೆರೆಂಗೆಟಿಗೆ ಹೋಗುವವರೇ, ರಾತ್ರಿ ಎಲ್ಲಿ ಉಳಿಸುತ್ತಾರೆ ಅಂತ ಮೊದಲು ಕೇಳಿ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ಆಗಸ್ಟ್‌ನಲ್ಲಿ ನಾನು, ನನ್ನ ಹೆಂಡತಿ ತಾಂಜಾನಿಯಾದ ಸೆರೆಂಗೆಟಿ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆವು. ಹಿಂಡುಹಿಂಡಾಗಿ ವಲಸೆ ಹೋಗುವ ವೈಲ್ಡ್‌ಬೀಸ್ಟ್ ಅನ್ನುವ ಹುಲ್ಲೆಗಳು ಮಾರಾ ನದಿಗೆ ಧುಮುಕಿ ದಾಟುವುದು, ಮೊಸಳೆಗಳು ಕಾಯುವುದು, ಟಿವಿಯಲ್ಲಿ ನೋಡುತ್ತೇವಲ್ಲ, ಅದೊಂದಕ್ಕೇ ಹೋಗಿದ್ದು. ಅರೂಷಾದ ಟೂರ್ ಏಜೆಂಟ್ ಕಳಿಸಿದ ಪಟ್ಟಿಯಲ್ಲಿ "ಸೆರೆಂಗೆಟಿ 2 ದಿನ, ಮಹಾವಲಸೆ" ಅಂತ ಇತ್ತು. ಪಕ್ಕದಲ್ಲೇ ನದಿ ದಾಟುವ ಫೋಟೊ. ಪೂರ್ತಿ ದುಡ್ಡು ಕಳಿಸಿಬಿಟ್ಟೆ. ಹೌದು, ಪೂರ್ತಿ. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.

ಪಾರ್ಕಿನ ನಾಬಿ ಹಿಲ್ ಗೇಟಿಗೆ ಬಂದಾಗ ಮಧ್ಯಾಹ್ನ ಮೂರು. ಡ್ರೈವರ್ ಪರ್ಮಿಟ್ ತಂದ. "ನಾಳೆ ಮೂರರೊಳಗೆ ಹೊರಗೆ ಬರಬೇಕು ಸರ್" ಅಂದ. ಪಾರ್ಕ್ ಶುಲ್ಕ ತಲೆಗೆ 70 ಡಾಲರ್, ಮೇಲೆ 18% ತೆರಿಗೆ, ಅದು ಬರೀ 24 ಗಂಟೆಗೆ. ಒಂದು ದಿನದ್ದು ಕಟ್ಟಿ ನಮಗೆ ಎರಡು ದಿನ ಅಂತ ಮಾರಿದ್ದರು!

ಇರಲಿ, ನದಿಗೆ ಎಷ್ಟು ಹೊತ್ತಿಗೆ ಹೋಗುತ್ತೇವೆ ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. "ನಿಮ್ಮ ಬುಕಿಂಗ್ ಪಾರ್ಕಿನ ನಡುಭಾಗದ ಸೆರೊನೆರಾದಲ್ಲಿ. ಹಿಂಡುಗಳು ಈಗ ಉತ್ತರಕ್ಕೆ, ಮಾರಾ ನದಿ ಇರುವ ಕೊಗಾಟೆಂಡೆ ಕಡೆ. ಸೆರೊನೆರಾದಿಂದ ಐದಾರು ಗಂಟೆ ದಾರಿ." ಆಮೇಲೆ ಮೆಲ್ಲಗೆ "ಪೋಲೆ ಸಾನಾ" ಅಂದ. ಅವರ ಭಾಷೆಯಲ್ಲಿ ಸಮಾಧಾನದ ಮಾತು. ಪಾಪ, ಅವನದೇನೂ ತಪ್ಪಿಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಸೆರೆಂಗೆಟಿ 14,763 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥವು ಹದಿನಾರು ಹಿಡಿಸುತ್ತವೆ. ನಾನು ಮ್ಯಾಪ್ ಸರಿಯಾಗಿ ನೋಡಿರಲಿಲ್ಲ, ಒಪ್ಪಿದೆ. ಅವರಿಗೆ ಗೊತ್ತಿತ್ತಲ್ಲ!

ಏಜೆಂಟಿಗೆ ವಾಟ್ಸಾಪ್ ಮಾಡಿದೆ. "ಕಾಡುಪ್ರಾಣಿಗಳಿಗೆ ಗ್ಯಾರಂಟಿ ಕೊಡಲು ಆಗುವುದಿಲ್ಲ ಸರ್." ನಾನು ಗ್ಯಾರಂಟಿ ಕೇಳಿದೆನಾ? ಹಿಂಡು ಯಾವ ಗಳಿಗೆಯಲ್ಲಿ ನದಿಗೆ ಇಳಿಯುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಸರಿ. ಆದರೆ ಸೆರೊನೆರಾದಲ್ಲಿ ಮಾರಾ ನದಿಯೇ ಇಲ್ಲವಲ್ಲ! ಹಾಗೇ ಬರೆದೆ. "ಸೆರೊನೆರಾ ಕೂಡ ಸೆರೆಂಗೆಟಿಯೇ ಸರ್." ಮತ್ತೆ ಆ ಫೋಟೊ? "ಅದು ಮಾದರಿಗೆ ಹಾಕಿದ್ದು ಸರ್." ಮಾತಿಗೊಂದು ಸರ್.

ಸಿಂಹ ಕಂಡಿತು, ಆನೆ ಕಂಡಿತು, ಚಿರತೆಯ ಬಾಲ ಕಂಡಿತು. ಇಲ್ಲ ಅನ್ನುವುದಿಲ್ಲ. ನಾವು ಹೋಗಿದ್ದು ಅದಕ್ಕಲ್ಲ.

ಜುಲೈಯಿಂದ ಅಕ್ಟೋಬರ್‌ವರೆಗೆ ನದಿ ನೋಡಲೆಂದು ಹೋಗುವವರು ಕ್ಯಾಂಪ್ ಇರುವ ಜಾಗದ ಹೆಸರು ಬರೆಸಿಕೊಳ್ಳಿ. ಗೇಟಿನೊಳಗೆ ಎಷ್ಟು ಗಂಟೆ, ಅದನ್ನೂ. "ದಿನ" ಅನ್ನುವ ಲೆಕ್ಕ ನಂಬಲೇಬೇಡಿ. ಫೆಬ್ರವರಿಯಲ್ಲಿ ಹೋದರೆ ಎಲ್ಲ ಉಲ್ಟಾ, ಆಗ ಹಿಂಡು ದಕ್ಷಿಣದ ಎಂಡೂಟು ಕಡೆ ಮರಿ ಹಾಕುತ್ತಿರುತ್ತದೆ.

ದುಡ್ಡು ವಾಪಸ್ ಕೇಳಿದೆ. ಮುಂದಿನ ಸಲ ಬಂದರೆ 10% ಡಿಸ್ಕೌಂಟ್ ಕೊಡುತ್ತಾರಂತೆ. ಮೆಸೇಜಿನ ಕೆಳಗೆ ಮತ್ತೆ ಅದೇ ನದಿ ಫೋಟೊ.