ಜಿಪಿ100 ರಿವಾಲ್ವರ್ ತಗೊಂಡು ಮೂರು ವರ್ಷ ಆಯ್ತು, ಷಡ್ಡಕನ 686 ಪಕ್ಕದಲ್ಲೇ ಇದೆ

ಎರಡು ತಿಂಗಳು ತಲೆ ಕೆಡಿಸ್ಕೊಂಡು, ರಾತ್ರಿ ಹನ್ನೆರಡರವರೆಗೂ ವಿಡಿಯೋ ನೋಡಿ ಹೆಂಡ್ತಿ ಹತ್ರ ಬೈಸ್ಕೊಂಡು, ಕೊನೆಗೆ ರೂಗರ್ ಕಂಪನಿಯ ಜಿಪಿ100 ರಿವಾಲ್ವರ್ ತಗೊಂಡೆ, 4.2 ಇಂಚಿನ ಬ್ಯಾರೆಲ್‌ದು. ಒಂದು ತಿಂಗಳು ಬಿಟ್ಟು ನಮ್ಮ ಷಡ್ಡಕ, ಅಂದ್ರೆ ನಾದಿನಿ ಗಂಡ, ನಾನು ಬೇಡ ಅಂತ ಬಿಟ್ಟು ಬಂದಿದ್ದ ಸ್ಮಿತ್ ಆಂಡ್ ವೆಸ್ಸನ್ 686 ಪ್ಲಸ್ಸನ್ನೇ ಮನೆಗೆ ತಂದ. ಇಬ್ರೂ ಇರೋದು ಡಲ್ಲಾಸ್‌ನ ಉತ್ತರಕ್ಕೆ, ಹತ್ತು ಮೈಲಿ ಅಂತರದಲ್ಲಿ. ತಿಂಗಳಿಗೆ ಎರಡು ಭಾನುವಾರ ಒಟ್ಟಿಗೆ ಶೂಟಿಂಗ್ ರೇಂಜಿಗೆ ಹೋಗ್ತೀವಿ, ಅರ್ಧ ಡಬ್ಬಿ ತೋಟಾ ಮುಗಿದ್ಮೇಲೆ ಗನ್ ಅದಲು ಬದಲು. ಹಂಗಾಗಿ ಮೂರು ವರ್ಷದಿಂದ ಎರಡೂ ನನ್ನ ಕೈಗೆ ಪಳಗಿವೆ ಅನ್ಬಹುದು. ಸ್ಪೆಸಿಫಿಕೇಶನ್ ಎಲ್ಲ ನೀವೇ ನೋಡ್ಕೊಂಡಿರ್ತೀರ, ಎರಡೂ .357 ಮ್ಯಾಗ್ನಂ ತೋಟಾದವು, ಎರಡೂ ಸ್ಟೇನ್‌ಲೆಸ್, ಎರಡೂ ಹೆಚ್ಚುಕಮ್ಮಿ 1.1 ಕೆಜಿ ತೂಕ. ಈ ತೂಕದ ವಿಷ್ಯಕ್ಕೆ ಆಮೇಲೆ ಬರ್ತೀನಿ, ಅದೇ ನನ್ನ ಪ್ರಾಣ ತಿಂದಿದ್ದು.

ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಈ ಆಸೆನೇ ಇಟ್ಕೊಂಡಿರ್ಲಿಲ್ಲ. ಗ್ರೀನ್ ಕಾರ್ಡ್ ಬಂದ್ಮೇಲೆ 4473 ಫಾರಂ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಆಗಿ ಅಂಗಡಿಯಿಂದ ಹೊರಗೆ ಬರೋವಾಗ ನೆನಪಾಗಿದ್ದು ತೀರ್ಥಹಳ್ಳಿ ಕಡೆ ನಮ್ಮಜ್ಜನ ಕೇಪಿನ ಕೋವಿ. ಹಂದಿ, ಮಂಗ ಓಡಿಸೋಕೆ ಅಂತ ಇದ್ದಿದ್ದು, ಎಲೆಕ್ಷನ್ ಬಂತು ಅಂದ್ರೆ ಅದನ್ನ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ವಾಪಸ್ ತರೋವರೆಗೂ ಅಜ್ಜನ ಮುಖ ನೋಡೋ ಹಂಗಿರ್ತಿರ್ಲಿಲ್ಲ. ಅದನ್ನ ಬಿಚ್ಚಿ ಕೊಬ್ರಿ ಎಣ್ಣೆ ಒರೆಸೋ ಕೆಲಸ ಮಾತ್ರ ನಮಗೆ ಕೊಡೋರು, ಹೊಡೆಯೋಕೆ ಕೊಡ್ತಿರ್ಲಿಲ್ಲ.

ನಾನು ಜಿಪಿ100 ಆರಿಸ್ಕೊಂಡ ಕಾರಣನೂ ಅದೇ, ಆ ಬಿಚ್ಚಿ ಒರೆಸೋ ಅಭ್ಯಾಸ, ಅಂತ ಈಗ ಅನ್ಸುತ್ತೆ. ಅಂಗಡಿ ಕೌಂಟರ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಖಾಲಿ ಟ್ರಿಗರ್ ಎಳೆದು ನೋಡಿದ್ರೆ 686 ಗೆದ್ದೇ ಗೆಲ್ಲುತ್ತೆ, ಅದರಲ್ಲಿ ಎರಡು ಮಾತಿಲ್ಲ, ಡಬಲ್ ಆಕ್ಷನ್ ಎಳೆತ (ಹಿಂದಿನ ಸುತ್ತಿಗೆ, ಅಂದ್ರೆ ಹ್ಯಾಮರ್, ಎತ್ತೋದೂ ಬೀಳಿಸೋದೂ ಟ್ರಿಗರೇ) ನುಣುಪಾಗಿ ಬರುತ್ತೆ. ಜಿಪಿದು ಹೊಸದ್ರಲ್ಲಿ ಬಾವಿಯಿಂದ ನೀರು ಸೇದಿದಂಗೆ, ಭಾರ, ಆದ್ರೆ ಒಂದೇ ಸಮ. ಕೌಂಟರ್ ಹಿಂದೆ ಇದ್ದ ಪುಣ್ಯಾತ್ಮ ಇವೆರಡೂ ಬೇಡ, ಪ್ಲಾಸ್ಟಿಕ್ ಫ್ರೇಮಿನ 9 ಎಂಎಂ ತಗೊಂಡು ಹೋಗು ಅಂತ ಮೂರು ಸಲ ಹೇಳ್ದ, ನಾನು ಮೂರು ಸಲನೂ ಕೇಳಿಸ್ಕೊಳ್ಳಲಿಲ್ಲ. (ಅವನು ಹೇಳಿದ್ದು ಯಾಕೆ ಅಂತ ಗೊತ್ತಾಗಿದ್ದು ಆಮೇಲೆ.) ಜಿಪಿ ಒಳಗೆ ಹೆಂಗಿದೆ ಅಂದ್ರೆ ಹಿಡಿಕೆಯ ಒಂದು ಸ್ಕ್ರೂ ಬಿಚ್ಚಿ, ಹ್ಯಾಮರ್ ಹಿಂದಕ್ಕೆ ಎಳೆದು, ಅಲ್ಲಿರೋ ಸಣ್ಣ ತೂತಿಗೆ ಒಂದು ಪಿನ್ ತೂರಿಸಿದ್ರೆ ಸ್ಪ್ರಿಂಗ್ ಸಮೇತ ಕೈಗೆ ಬರುತ್ತೆ, ಆಮೇಲೆ ಹ್ಯಾಮರ್, ಆಮೇಲೆ ಟ್ರಿಗರ್ ಗಾರ್ಡ್ ಇಡೀ ಒಂದು ತುಂಡಾಗಿ ಕೆಳಗೆ ಇಳಿಯುತ್ತೆ. ಪಿನ್ ಕಳ್ಕೊಂಡಿದ್ದೀನಿ, ಆಫೀಸಿನ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಅದರಲ್ಲೇ ಮಾಡ್ತೀನಿ. 686ಗೆ ಬಲಗಡೆ ಸೈಡ್ ಪ್ಲೇಟ್ ಅಂತ ಇದೆ, ಸ್ಕ್ರೂ ತೆಗೆದ್ಮೇಲೂ ಅದನ್ನ ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸಬಾರ್ದು, ಹಿಡಿಕೆ ಜಾಗಕ್ಕೆ ಮರದ ಹಿಡಿಯಿಂದ ಟಕ್ ಟಕ್ ಅಂತ ತಟ್ಟಿದ್ರೆ ತಾನಾಗೇ ಸಡಿಲ ಆಗುತ್ತೆ. ನಮ್ಮ ಷಡ್ಡಕ ಇವತ್ತಿಗೂ ತೆಗೆದಿಲ್ಲ. "ಭಾವ, ಚೆನ್ನಾಗೇ ಓಡ್ತಿದೆ, ಯಾಕೆ ಹೊಟ್ಟೆ ಬಗೀಬೇಕು" ಅಂತಾನೆ. ಅದೂ ನ್ಯಾಯನೇ. ಅವನ ಗನ್ನಿನ ಎಡಗಡೆ ಸಿಲಿಂಡರ್ (ತೋಟಾ ಕೂರೋ, ತಿರುಗೋ ಭಾಗ) ಬಿಚ್ಚೋ ಲ್ಯಾಚಿಗಿಂತ ಸ್ವಲ್ಪ ಮೇಲೆ ಬೀಗದ ಕೈ ಹಾಕೋ ಒಂದು ತೂತಿದೆ, ಅದನ್ನ ನೋಡಿ ಮೂಗು ಮುರಿಯೋರು ಬಹಳ ಜನ, ನನಗೇನೂ ಅನ್ಸಲ್ಲ, ಅವನಿಗಂತೂ ಮೊದಲೇ ಅನ್ಸಲ್ಲ.

ಸ್ಪ್ರಿಂಗ್ ವಿಷ್ಯಕ್ಕೆ ಬಂದ್ರೆ, ಆರು ತಿಂಗಳಾದ್ಮೇಲೆ ಕಮ್ಮಿ ದುಡ್ಡಿಗೆ ಸಿಗೋ ಸ್ಪ್ರಿಂಗ್ ಸೆಟ್ ತರಿಸಿ ನಾನೇ ಬದಲಾಯಿಸಿದೆ, 12 ಪೌಂಡಿಂದು. ಅದಕ್ಕಿಂತ ಹಗುರ ಹಾಕಿದ್ರೆ ಗಟ್ಟಿ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸೋ ಬಿಲ್ಲೆ) ಇರೋ ತೋಟಾ ಹೊಡೆಯದೆ ಉಳಿಯಬಹುದು ಅಂತ ಅಲ್ಲಿಗೇ ನಿಲ್ಲಿಸಿದೆ. ಅದ್ರ ಜೊತೆಗೆ ದಿನಾ ರಾತ್ರಿ ಊಟ ಆದ್ಮೇಲೆ ಐವತ್ತು ಸಲ ಖಾಲಿ ಟ್ರಿಗರ್ ಎಳೆಯೋ ಅಭ್ಯಾಸ. ಮೊದಲು ಸಿಲಿಂಡರ್ ತೆಗೆದು ಆರೂ ತೂತಿಗೆ ಬೆರಳು ಹಾಕಿ ನೋಡ್ತೀನಿ, ತೋಟಾ ಇರೋ ಡಬ್ಬಿ ಇನ್ನೊಂದು ರೂಮಿನಲ್ಲಿ ಬೀಗ ಹಾಕಿರುತ್ತೆ, ಆಮೇಲೆ ಬ್ಯಾರೆಲ್ ತುದಿಯ ಗುರಿ ನೋಡೋ ಸೈಟ್ ಹಿಂದೆ ಊರಿಂದ ತಂದಿರೋ ಒಂದು ರೂಪಾಯಿ ನಾಣ್ಯ ಕೂರಿಸಿ ಅದು ಬೀಳದ ಹಂಗೆ ಟ್ರಿಗರ್ ಪೂರ್ತಿ ಎಳೀಬೇಕು. ಮೊದಲ ವಾರ ನಾಣ್ಯ ಹುಡುಕೋಕೆ ಸೋಫಾ ಕೆಳಗೆ ಕೈ ಹಾಕಿದ್ದೇ ಬಂತು. ಈಗ ಮೂರು ವರ್ಷಕ್ಕೆ ಎರಡು ಗನ್ನಿನ ಟ್ರಿಗರ್ ಮಧ್ಯೆ ವ್ಯತ್ಯಾಸ ಇದೆ ಅಂತ ಗೊತ್ತಾಗುತ್ತೆ, ಆದ್ರೆ ಟಾರ್ಗೆಟ್ ಕಾಗದದ ಮೇಲೆ ಯಾವ ತೂತು ಯಾವ ಗನ್ನಿಂದು ಅಂತ ಹೇಳೋಕಾಗಲ್ಲ.

ರೇಂಜಿನ ಖುಷಿ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅದು ನಾನು ಎಣಿಸದೇ ಇದ್ದಿದ್ದು. ನಾನು ತಗೊಂಡಿದ್ದು ಮ್ಯಾಗ್ನಂ ಅನ್ನೋ ಹೆಸರಿನ ಮೋಹಕ್ಕೆ. 1935ರಲ್ಲಿ ಬಂದ ಈ ತೋಟಾ ಆಗಿನ ಕಾಲಕ್ಕೆ ಭಾರೀ ಸದ್ದು ಮಾಡಿತ್ತು, ಒಳಾಂಗಣ ರೇಂಜಿನಲ್ಲಿ ಈಗ್ಲೂ ಮಾಡುತ್ತೆ, ಅಕ್ಷರಶಃ, ಬೆಂಕಿ ಉಂಡೆ ಬಂದು ಪಕ್ಕದ ಲೇನಿನವ್ರು ತಲೆ ಹೊರಗೆ ಹಾಕಿ ನೋಡ್ತಾರೆ. ಕಿವಿಗೆ ಪ್ಲಗ್ಗೂ ಹಾಕಿ ಮೇಲೆ ಮಫ್ಫೂ ಹಾಕ್ಬೇಕು. ಮೂವತ್ತು ಹೊಡೆಯೋಷ್ಟರಲ್ಲಿ ನನ್ನ ಹೆಬ್ಬೆರಳಿನ ಬುಡ ಜುಮ್ಮನ್ನುತ್ತೆ, ಮಾರನೇ ದಿನ ಕೀಬೋರ್ಡ್ ಕುಟ್ಟೋಕೂ ಬೇಜಾರು. ಆದ್ರೆ ಇದೇ ಗನ್ನಿಗೆ .38 ಸ್ಪೆಷಲ್ ತೋಟಾನೂ ಹಾಕಬಹುದು, ಅದು ಇದರ ಚಿಕ್ಕ ತಮ್ಮ, ಕೇಸ್, ಅಂದ್ರೆ ತೋಟಾದ ಹೊರಗಿನ ಕೊಳವೆ, ಒಂದು ಎಂಟನೇ ಇಂಚಿನಷ್ಟು ಗಿಡ್ಡ, ಗುಂಡಿನ ದಪ್ಪ ಅಷ್ಟೇ. (ತಿರುಗಾಮುರುಗಾ ಆಗಲ್ಲ, .38ರ ಗನ್ನಿಗೆ ಮ್ಯಾಗ್ನಂ ಹಾಕೋ ಹಂಗಿಲ್ಲ.) ಅದರಲ್ಲೂ 148 ಗ್ರೇನ್ ತೂಕದ ಗುಂಡಿನ ವಾಡ್‌ಕಟರ್ ಅಂತ ಬರುತ್ತೆ, ನೋಡೋಕೆ ತಲೆ ಕಡಿದ ತೋಟಾ, ಗುಂಡು ಕೇಸಿನ ಬಾಯಿಗೆ ಸಮನಾಗಿ ಒಳಗೇ ಕೂತಿರುತ್ತೆ. 1.1 ಕೆಜಿ ಗನ್ನಿನಲ್ಲಿ ಅದನ್ನ ಹೊಡೆದ್ರೆ ಒದೆತ ಅನ್ನೋದೇ ಇಲ್ಲ, ಯಾರೋ ಹೆಗಲು ತಟ್ಟಿದಂಗೆ. ಕಾಗದದ ಮೇಲೆ ಹರಿದ ತೂತಿಲ್ಲ, ಆಫೀಸಿನ ಪಂಚಿಂಗ್ ಮೆಷಿನ್ನಿನಲ್ಲಿ ಒತ್ತಿದಂಗೆ ದುಂಡಗೆ ಕೊರೆದು ಹೋಗುತ್ತೆ. ಹದಿನೈದು ಗಜದಲ್ಲಿ ಆರು ತೂತು ಒಂದರ ಮೇಲೊಂದು ಬಿದ್ದ ದಿನ ಆ ಕಾಗದ ಮಡಚಿ ಮನೆಗೆ ತಂದು ಫ್ರಿಜ್ಜಿಗೆ ಅಂಟಿಸಿದೆ, ಮಗಳ ಡ್ರಾಯಿಂಗ್ ಪಕ್ಕದಲ್ಲಿ. ಹೆಂಡ್ತಿ ಮೊದಲು ರೇಂಜಿಗೆ ಬರಲ್ಲ ಅಂತಿದ್ದೋಳು ವಾಡ್‌ಕಟರ್ ರುಚಿ ನೋಡಿದ್ಮೇಲೆ ಅರ್ಧ ಡಬ್ಬಿ ಅವಳದ್ದೇ.

ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿಂದ ರಿವಾಲ್ವರಿಗೆ ಬಂದೋರಿಗೆ ಒಂದು ಮಾತು, ಎಡಗೈ ಹೆಬ್ಬೆರಳನ್ನ ಸಿಲಿಂಡರ್ ಮುಂದಕ್ಕೆ ಚಾಚಬೇಡಿ. ಸಿಲಿಂಡರಿಗೂ ಬ್ಯಾರೆಲಿಗೂ ನಡುವಿನ ಸಂದಿಯಿಂದ ಬಿಸಿ ಗ್ಯಾಸ್ ಬದಿಗೆ ಚಿಮ್ಮುತ್ತೆ, ಮ್ಯಾಗ್ನಂ ಆದ್ರೆ ಬೆರಳಿಗೆ ಜೋರು ಗಾಯ ಆಗೋಷ್ಟು.

ಇನ್ನೊಂದು ಸಣ್ಣ ಸುಖ, ಖಾಲಿ ಕೇಸು ಹೆಕ್ಕೋಕೆ ಬಗ್ಗಬೇಕಿಲ್ಲ. ಬ್ಯಾರೆಲ್ ಮೇಲಕ್ಕೆ ಮಾಡಿ ಎಜೆಕ್ಟರ್ (ಕೇಸು ಹೊರಗೆ ತಳ್ಳೋ ಕಡ್ಡಿ) ಒಂದ್ಸಲ ಗಟ್ಟಿಯಾಗಿ ಒತ್ತಿದ್ರೆ ಆರೂ ಅಂಗೈಗೆ ಬೀಳುತ್ವೆ, ಅವನ್ನ ಹಳೇ ಹಾರ್ಲಿಕ್ಸ್ ಬಾಟ್ಲಿಗೆ ಹಾಕ್ತೀನಿ. ಬಾಟ್ಲಿ ತುಂಬಿದ ಮೇಲೆ ರೇಂಜಿಗೆ ಬರೋ ಒಬ್ಬ ರಿಟೈರ್ಡ್ ತಾತನಿಗೆ ಕೊಡ್ತೀನಿ, ಅವರು ಮನೇಲಿ ತೋಟಾ ತುಂಬ್ಕೊತಾರೆ. ಷಡ್ಡಕನದು ಏಳು ತೂತಿನ ಸಿಲಿಂಡರ್, ಅದಕ್ಕೇ ಹೆಸರಲ್ಲಿ ಪ್ಲಸ್. "ಏಳನೇದು ಬೋನಸ್ ಭಾವ" ಅಂತ ಪ್ರತೀ ಸಲ ಹೇಳ್ತಾನೆ. ನಿಜವಾದ ಲಾಭ ಏನಂದ್ರೆ 50ರ ಡಬ್ಬಿಯಲ್ಲಿ ಅವನಿಗೆ ಕೊನೇಲಿ ಒಂದು ಉಳಿಯುತ್ತೆ, ನನಗೆ ಎರಡು. ನಷ್ಟ ಏನಂದ್ರೆ ಸ್ಪೀಡ್‌ಲೋಡರ್ (ಎಲ್ಲಾ ತೋಟಾ ಒಂದೇ ಸಲ ತುಂಬೋ ಸಾಧನ) ಹಂಚಿಕೊಳ್ಳೋಕೆ ಆಗಲ್ಲ.

ಮನೆಗೆ ಬಂದ್ಮೇಲೆ ಗ್ಯಾರೇಜಿನಲ್ಲಿ ಹಳೇ ಪೇಪರ್ ಹಾಸಿ, ಪಕ್ಕದಲ್ಲಿ ಫಿಲ್ಟರ್ ಕಾಫಿ ಇಟ್ಕೊಂಡು ಕ್ಲೀನಿಂಗ್. ಹಾಪ್ಪಸ್ ನಂಬರ್ 9 ಸಾಲ್ವೆಂಟ್ ವಾಸನೆಗೆ ಬಾಳೆಹಣ್ಣಿನ ಒಂದು ಎಳೆ ಇದೆ, ನನಗೆ ಇಷ್ಟ, ಹೆಂಡ್ತಿ ಗ್ಯಾರೇಜ್ ಬಾಗಿಲು ಹಾಕ್ತಾಳೆ. ಎಜೆಕ್ಟರಿನ ನಕ್ಷತ್ರದಂಥ ತಲೆಯ ಕೆಳಗೆ ಸುಡದೆ ಉಳಿದ ಮದ್ದಿನ ಕಾಳು ಸೇರ್ಕೊಂಡ್ರೆ ಸಿಲಿಂಡರ್ ಮುಚ್ಚೋದೇ ಬಿಗಿ ಆಗುತ್ತೆ, ಅಲ್ಲಿಗೆ ಹಳೇ ಟೂತ್‌ಬ್ರಶ್ ಸಾಕು. .38 ಬಹಳ ಹೊಡೆದ್ರೆ ಚೇಂಬರ್ ಒಳಗೆ ಗಿಡ್ಡ ಕೇಸು ಮುಗಿಯೋ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತೆ. ನಾನು ಸೋಮಾರಿತನ ಮಾಡಿ ಎರಡು ತಿಂಗಳು ಅದನ್ನ ಹಂಗೇ ಬಿಟ್ಟು ಒಂದಿನ ಮ್ಯಾಗ್ನಂ ಹಾಕಿ ಹೊಡೆದೆ, ಆರೂ ಕೇಸು ಒಳಗೇ ಕಚ್ಕೊಂಡು ಎಜೆಕ್ಟರ್ ಅಲ್ಲಾಡಲಿಲ್ಲ, ಅಂಗೈ ಕೆಂಪಾಗಿ ಮರ್ಯಾದೆ ಹೋಯ್ತು. ಆವತ್ತಿಂದ .40 ಸೈಜಿನ ಕಂಚಿನ ಬ್ರಶ್ ಇಟ್ಕೊಂಡಿದ್ದೀನಿ, ಸ್ವಲ್ಪ ದಪ್ಪ ಇರೋದ್ರಿಂದ ನಾಲ್ಕು ಸಲ ತಿರುಗಿಸಿದ್ರೆ ಉಂಗುರ ಮಾಯ.

ಇಲ್ಲಿವರೆಗೆ ಐದಕ್ಕೆ ಐದು ಸ್ಟಾರ್. ಈಗ ಇನ್ನೊಂದು ಕಥೆ.

ನಾನು ಮನೇಲಿ ಖರ್ಚು ಒಪ್ಪಿಸಿದ್ದು "ಒಂದೇ ಗನ್ನು, ರೇಂಜಿಗೂ ಆಯ್ತು, ಸೊಂಟಕ್ಕೂ ಆಯ್ತು" ಅಂತ ಹೇಳಿ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಕಾನೂನಿನ ಅಡ್ಡಿ ಇಲ್ಲದ, 21 ವರ್ಷ ಮೇಲ್ಪಟ್ಟವರಿಗೆ ಲೈಸೆನ್ಸ್ ಇಲ್ಲದೇನೂ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡಬಹುದು, ಆದ್ರೂ ನಾನು ಕ್ಲಾಸ್ ಮಾಡಿ ಲೈಸೆನ್ಸ್ ತಗೊಂಡೆ. ಚರ್ಮದ ಹೋಲ್‌ಸ್ಟರ್ (ಗನ್ ಸಿಕ್ಕಿಸೋ ಚೀಲ) ಆರ್ಡರ್ ಮಾಡಿದೆ, ಮಾಡಿಕೊಟ್ಟೋನ ಹೆಸರು ಬೇಡ, ಆರು ವಾರ ಅಂದೋನು ಐದು ತಿಂಗಳಿಗೆ ಕಳಿಸಿದ, ಜೊತೆಗೆ ಒಂದು ದಪ್ಪನೆ ಬೆಲ್ಟು. ಗನ್ನು, ಆರು ಮ್ಯಾಗ್ನಂ, ಹೋಲ್‌ಸ್ಟರ್ ಎಲ್ಲ ಸೇರಿ ಒಂದೂವರೆ ಕೆಜಿ ಬಲಗಡೆ ಸೊಂಟಕ್ಕೆ ಜೋತು ಬಿತ್ತು. ಸೋಮವಾರ ಬೆಳಿಗ್ಗೆ ಕಟ್ಟಿದೆ, ಮಧ್ಯಾಹ್ನಕ್ಕೆ ಪ್ಯಾಂಟು ಒಂದು ಕಡೆ ಇಳಿದು ನಡಿಗೆನೇ ಬದಲಾಗಿತ್ತು. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕೋಕೆ ಹೋದ್ರೆ ಹಿಡಿಕೆ ಪಕ್ಕೆಗೆ ತಿವಿಯುತ್ತೆ, ಕುರ್ಚಿಯಲ್ಲಿ ಕೂತ್ರೆ ಕುರ್ಚಿ ಕೈಗೆ ಟಣ್ ಅನ್ನುತ್ತೆ. ಇಂಡಿಯನ್ ಅಂಗಡಿಯಲ್ಲಿ 20 ಪೌಂಡಿನ ಸೋನಾ ಮಸೂರಿ ಮೂಟೆ ಎತ್ತೋಕೆ ಬಗ್ಗಿದೆ, ಟೀ ಶರ್ಟ್ ಮೇಲೆ ಹೋಯ್ತು, ಹಿಂದೆ ನಿಂತಿದ್ದ ಆಂಟಿ ಎರಡು ಹೆಜ್ಜೆ ಹಿಂದೆ ಸರಿದ್ರು. ಜುಲೈನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟೋ ಊರಲ್ಲಿ ಮೇಲೆ ಜಾಕೆಟ್ ಹಾಕೋ ಮಾತೇ ಇಲ್ಲ. ಆಫೀಸಿಗೆ ಒಯ್ಯೋ ಹಂಗಿಲ್ಲ, ಮಗಳನ್ನ ಕರ್ಕೊಂಡು ಬರೋಕೆ ಸ್ಕೂಲ್ ಒಳಗೆ ಹೋಗೋ ಹಂಗಿಲ್ಲ, ದೇವಸ್ಥಾನಕ್ಕೆ ಪಂಚೆ ಉಟ್ಕೊಂಡು ಹೋಗ್ತೀನಿ, ಪಂಚೆಗೆ ಈ ಬೆಲ್ಟ್ ಎಲ್ಲಿ ಕಟ್ಟೋದು ಸ್ವಾಮಿ. ಅಂದ್ರೆ ದಿನದಲ್ಲಿ ಹತ್ತು ಸಲ ಕಾರಿನ ಲಾಕ್ ಬಾಕ್ಸಿಗೆ ಹಾಕೋದು, ತೆಗೆಯೋದು. ಗನ್ನು ಮುಟ್ಟಿದಷ್ಟೂ ತಪ್ಪು ಆಗೋ ಅವಕಾಶ ಜಾಸ್ತಿ, ಅದು ನನ್ನ ನೆಮ್ಮದಿ ಕೆಡಿಸ್ತು. ಹನ್ನೊಂದು ದಿನ, ಲೆಕ್ಕ ಇಟ್ಟಿದ್ದೀನಿ, ಹನ್ನೆರಡನೇ ದಿನ ಸೇಫಿನೊಳಗೆ ಇಟ್ಟೆ.

686 ತಗೊಂಡಿದ್ರೆ ಬೇರೆ ಆಗ್ತಿತ್ತಾ ಅಂತ ಕೇಳ್ಬೇಡಿ, ಷಡ್ಡಕ ನನಗಿಂತ ಗಟ್ಟಿ ಆಸಾಮಿ, ಅವನು ಒಂಬತ್ತೇ ದಿನಕ್ಕೆ ಬಿಟ್ಟ. ಟ್ರಿಗರ್ ಯಾವುದು ನುಣುಪು, ಫ್ರೇಮ್ ಎರಕದ್ದಾ ಬಡಿದಿದ್ದಾ ಅಂತ ಎರಡು ತಿಂಗಳು ನಾವು ಜಗಳ ಆಡ್ತಿದ್ವಲ್ಲ, ಇಬ್ರಲ್ಲಿ ಒಬ್ರಾದ್ರೂ ಅಂಗಡಿಯಲ್ಲೇ ಒಂದು ಬೆಲ್ಟಿಗೆ ಸಿಕ್ಕಿಸ್ಕೊಂಡು ಹತ್ತು ನಿಮಿಷ ಕುರ್ಚಿಯಲ್ಲಿ ಕೂತು ನೋಡಿದ್ರೆ ಸಾಕಿತ್ತು. 3 ಇಂಚಿನ ಜಿಪಿ100 ಇದೆ, ಅದೂ ಒಂದು ಕೆಜಿ ಮೇಲೇನೇ, ಇಂಚು ಕಮ್ಮಿ ಆದ್ರೆ ಸೊಂಟಕ್ಕೆ ಬರೋ ನೆಮ್ಮದಿ ಅಷ್ಟಕ್ಕಷ್ಟೇ. ನಿಜವಾಗ್ಲೂ ಹಗುರ ಬೇಕು ಅಂದ್ರೆ ಐದು ತೂತಿನ ಸಣ್ಣ ಫ್ರೇಮಿಗೆ ಇಳೀಬೇಕು, ರೂಗರ್ ಎಸ್‌ಪಿ101 ಥರದ್ದು. ಆದ್ರೆ ಅದರಲ್ಲಿ ಮ್ಯಾಗ್ನಂ ಹೊಡೆದ್ರೆ ಕೈ ಬೇಡ ಅನ್ನುತ್ತೆ, ನಾನು ಬಾಡಿಗೆಗೆ ತಗೊಂಡು ಹತ್ತು ಹೊಡೆದು ವಾಪಸ್ ಕೊಟ್ಟೆ. ಎರಡನೇ ಗನ್ನಿಗೆ ದುಡ್ಡು ಇಲ್ಲ ಅಂತಲ್ಲ, .38 ತೋಟಾ 9 ಎಂಎಂಗಿಂತ ಒಂದೂವರೆ ಪಟ್ಟಿನ ಮೇಲೆ ಬೀಳುತ್ತೆ, ಆ ದುಡ್ಡನ್ನ ವಾಡ್‌ಕಟರಿಗೇ ಹಾಕ್ತೀನಿ.

ಹೋದ ಆಯುಧಪೂಜೆಗೆ ಅತ್ತೆ ಇಲ್ಲೇ ಇದ್ರು, ನಮ್ಮಿಬ್ರಿಗೂ ಒಬ್ಬರೇ ಅತ್ತೆ. ಕಾರ್ ಕೀ, ಮಿಕ್ಸಿ, ಲ್ಯಾಪ್‌ಟಾಪ್ ಪಕ್ಕದಲ್ಲಿ ಎರಡು ರಿವಾಲ್ವರನ್ನೂ ಖಾಲಿ ಮಾಡಿ ಸಿಲಿಂಡರ್ ತೆಗೆದು ಇಟ್ಟಿದ್ವಿ. ಯಾವುದು ಚೆನ್ನಾಗಿದೆ ನೀವೇ ಹೇಳಿ ಅತ್ತೆ ಅಂತ ಷಡ್ಡಕ ಕಾಲೆಳೆದ. ಅವರು ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿ, "ನಮ್ಮನೆ ಎಲೆ ಅಡಿಕೆ ಕುಟ್ಟಾಣಿ ಇದಕ್ಕಿಂತ ಹಗುರ ಇದೆಯಪ್ಪ" ಅಂದು ಕುಂಕುಮ ಇಟ್ರು. ನನ್ನದರ ಹಿಂದಿನ ಸೈಟಿನ ಸಂದಿಗೆ ಹೋದ ಕುಂಕುಮ ಟೂತ್‌ಬ್ರಶ್ ಹಾಕಿ ಉಜ್ಜಿದ್ರೂ ಪೂರ್ತಿ ಹೋಗಿಲ್ಲ, ಈಗ ಗುರಿ ಇಡೋವಾಗ ಬಲಮೂಲೆಯಲ್ಲಿ ಒಂಚೂರು ಕೆಂಪು ಕಾಣುತ್ತೆ, ಇರ್ಲಿ ಅಂತ ಬಿಟ್ಟಿದ್ದೀನಿ.

ಹೋಲ್‌ಸ್ಟರ್ ಮತ್ತೆ ಬೆಲ್ಟು ಹನ್ನೊಂದು ದಿನ ಮಾತ್ರ ಬಳಸಿದ್ದು, ಯಾರಿಗಾದ್ರೂ ಬೇಕಿದ್ರೆ ಅರ್ಧ ರೇಟಿಗೆ ಕೊಡ್ತೀನಿ. ಸೊಂಟ 36 ಇರ್ಬೇಕು, ಬಲಗೈಯವರಾಗಿರ್ಬೇಕು, ಅಕ್ಕಿ ಮೂಟೆ ಬೇರೆ ಯಾರಾದ್ರೂ ಎತ್ತಿಕೊಡೋ ಹಂಗಿರ್ಬೇಕು.