'ಟೇಕ್ ಆನ್ ಮಿ' ಐದು ಸಲ: ಯಾವುದನ್ನು ಕೇಳಬೇಕು?

ನಾರ್ವೆಯ ಅ-ಹಾ ಬ್ಯಾಂಡಿನ 'ಟೇಕ್ ಆನ್ ಮಿ' ನನ್ನ ಹತ್ತಿರ ಐದು ರೂಪದಲ್ಲಿದೆ. 1984ರ ಮೊದಲ ಸಿಂಗಲ್, 1985ರ ಆಲ್ಬಮ್ಮಿನ ಹಳೆಯ ಸಿಡಿ, ಅದೇ ಆಲ್ಬಮ್ಮಿನ ಎಲ್‌ಪಿ, 2010ರ ರೀಮಾಸ್ಟರ್, 2017ರ ಅಕೂಸ್ಟಿಕ್ ರೆಕಾರ್ಡಿಂಗ್. 'ಇರೋದು ಒಂದೇ ಹಾಡಲ್ವಾ ಅಣ್ಣ, ಐದು ಯಾಕೆ?' ಅಂತ ತಂಗಿ ಕೇಳಿದಳು. ಉತ್ತರ ಹೇಳೋಕೆ ಎರಡು ವಾರ ಹಿಡಿಯಿತು. ಆ ಎರಡು ವಾರವೂ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ.

ಮೊದಲು ಒಂದು ಗೋಜಲು ಬಿಡಿಸಬೇಕು. 1984ರದ್ದು ಮತ್ತು 1985ರದ್ದು ಒಂದೇ ರೆಕಾರ್ಡಿಂಗ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮೊದಲನೆಯದನ್ನು ಮಾಡಿಸಿದ್ದು ಟೋನಿ ಮ್ಯಾನ್ಸ್‌ಫೀಲ್ಡ್. ಬ್ರಿಟನ್ನಿನಲ್ಲಿ ಅದು ಓಡಲಿಲ್ಲ. ಆಮೇಲೆ ಅಲನ್ ಟಾರ್ನಿ ಅನ್ನೋ ಇನ್ನೊಬ್ಬ ನಿರ್ಮಾಪಕರ ಜೊತೆ ಕೂತು ಹಾಡನ್ನು ಹೊಸದಾಗಿಯೇ ರೆಕಾರ್ಡ್ ಮಾಡಿದರು. ಮಾಸ್ಟರಿಂಗ್ ಅನ್ನೋದು ಇದೆಲ್ಲ ಮುಗಿದ ಮೇಲಿನ ಕೆಲಸ. ದನಿ, ವಾದ್ಯ ಎಲ್ಲ ಬೆರೆತು ಮಿಕ್ಸ್ ಆಗಿ ಬಂದ ಹಾಡಿನ ಒಟ್ಟು ಸದ್ದು, ಬೇಸ್, ಟ್ರೆಬಲ್ ಎಷ್ಟಿರಬೇಕು ಅಂತ ಅಲ್ಲಿ ತೀರ್ಮಾನ ಆಗುತ್ತದೆ. ಹಳೆಯ ರೆಕಾರ್ಡಿಂಗಿಗೆ ಅದನ್ನೇ ಮತ್ತೊಮ್ಮೆ ಮಾಡಿದರೆ ರೀಮಾಸ್ಟರ್. ಹಾಡುಗಾರನ ದನಿಯೊಂದನ್ನೇ ಹಿಡಿದು ಮೇಲೆತ್ತೋದು ಆ ಹಂತದಲ್ಲಿ ಕಷ್ಟ. ಹಾಗಾಗಿ 'ರೀಮಾಸ್ಟರ್‌ನಲ್ಲಿ ಗಿಟಾರ್ ಹೊಸದಾಗಿ ಸೇರಿಸಿದ್ದಾರೆ' ಅಂತ ಯಾರಾದರೂ ಅಂದರೆ ಸುಮ್ನೆ ನಕ್ಕುಬಿಡಿ.

1984ರದ್ದನ್ನು ಹಾಕಿದರೆ ಆ ಕೀಬೋರ್ಡ್ ಟ್ಯೂನ್ ಇದೆ, ದನಿಯೂ ಇದೆ. ಆದರೂ ಏನೋ ಸಪ್ಪೆ. ಡ್ರಮ್ಮು ಪಕ್ಕದ ಕೋಣೆಯಲ್ಲಿ ಯಾರೋ ಮೇಜು ಬಡಿದ ಹಾಗೆ ಕೇಳುತ್ತದೆ. ಪಲ್ಲವಿ ಬರುತ್ತದೆ, ಹೋಗುತ್ತದೆ.

1985ರದ್ದು ಮೊದಲ ಎರಡು ಸೆಕೆಂಡಿನಲ್ಲೇ ಕೈ ಹಿಡಿದು ಎಳೆಯುತ್ತದೆ. ಬರೀ ಡ್ರಮ್ಮಿನಿಂದ ಶುರು. ಅದು ಲಿನ್‌ಡ್ರಮ್ ಅನ್ನೋ ಯಂತ್ರದ್ದು. ಆಮೇಲೆ ಕೀಬೋರ್ಡ್ ನುಗ್ಗುತ್ತದೆ. ಪಲ್ಲವಿಯನ್ನು ಬ್ಯಾಂಡಿನ ಹಾಡುಗಾರ ಮಾರ್ಟನ್ ಹಾರ್ಕೆಟ್ ತೀರಾ ಕೆಳಗಿನ ಎ ಸ್ವರದಿಂದ ಎತ್ತಿಕೊಳ್ಳುತ್ತಾರೆ. ಹಾಡು ಇರುವುದೂ ಎ ಮೇಜರ್‌ನಲ್ಲಿ. ಆ ಎ ಸ್ವರವನ್ನೇ ಷಡ್ಜ ಅಂತ ಇಟ್ಟುಕೊಳ್ಳಿ. ಸಾಲು ಸಾಲಿಗೂ ಮೇಲೇರುತ್ತಾ ಎರಡು ಸ್ಥಾಯಿ ದಾಟಿ, ಅದರ ಮೇಲಿನ ಪಂಚಮ ಮುಟ್ಟಿ ನಿಲ್ಲುತ್ತಾರೆ. ಒಂದೇ ಪಲ್ಲವಿಯೊಳಗೆ! 1985ರ ಅಕ್ಟೋಬರ್‌ನಲ್ಲಿ ಇದು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಪೆನ್ಸಿಲ್ ಚಿತ್ರದ ಆ ವಿಡಿಯೋದಿಂದ ಅಂತ ಎಲ್ಲರೂ ಹೇಳುತ್ತಾರೆ. ಅದರ ಪಾಲು ದೊಡ್ಡದೇ. ಆದರೂ ಎರಡೂ ರೆಕಾರ್ಡಿಂಗನ್ನು ಕಣ್ಣು ಮುಚ್ಚಿ ಕೇಳಿದ ಮೇಲೆ ಪೂರ್ತಿ ಕೀರ್ತಿ ವಿಡಿಯೋಗೆ ಕೊಡೋಕೆ ನನಗೆ ಮನಸ್ಸಾಗಲಿಲ್ಲ.

ಈಗ ನಿಜವಾದ ಜಟಾಪಟಿ: ಹಳೆಯ ಸಿಡಿಯೋ, 2010ರ ರೀಮಾಸ್ಟರೋ? ರೆಕಾರ್ಡಿಂಗ್ ಒಂದೇ, ಮಾಸ್ಟರಿಂಗ್ ಬೇರೆ.

ಮೊದಲ ಸಲ ಕೇಳಿದಾಗ ರೀಮಾಸ್ಟರ್ ಗೆದ್ದಿತು. ಬೇಸ್ ತುಂಬಿಕೊಂಡಿದೆ, ಎಲ್ಲವೂ ಕಿವಿಯ ಹತ್ತಿರ ಬಂದಿದೆ. ಸಿಡಿ ಅದರ ಮುಂದೆ ಸೊರಗಿದಂತಿತ್ತು. ಆಮೇಲೆ ನೋಡಿದರೆ ರೀಮಾಸ್ಟರಿನ ಸದ್ದೇ ಜಾಸ್ತಿ. ನಮ್ಮ ಕಿವಿಯ ಬುದ್ಧಿ ಅದು, ಸ್ವಲ್ಪ ಜೋರಾಗಿ ಕೇಳಿದ್ದನ್ನೇ ಚೆನ್ನಾಗಿದೆ ಅಂದುಬಿಡುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ ಇದ್ದರೂ ಮೋಸ ಹೋಗುತ್ತೇವೆ.

ಹಾಗಾಗಿ ಎರಡನ್ನೂ ಕಂಪ್ಯೂಟರಿಗೆ ಹಾಕಿ, ಒಂದರ ಕೆಳಗೊಂದು ಜೋಡಿಸಿದೆ. ತೆರೆಯ ಮೇಲೆ ಸಿಡಿಯ ಸದ್ದಿನ ಅಲೆ ಏರುಪೇರು ಗುಡ್ಡದ ಸಾಲಿನಂತಿತ್ತು, ಡ್ರಮ್ ಬಿದ್ದ ಕಡೆಯೆಲ್ಲ ಚೂಪಾದ ತುದಿ. ರೀಮಾಸ್ಟರಿನ ಅಲೆಯನ್ನು ಕತ್ತರಿ ಹಿಡಿದು ಸಮ ಮಾಡಿದ ಬೇಲಿ ಅನ್ನಬಹುದು. ಜೋರು ಮಾಡುವುದಕ್ಕೆ ಲಿಮಿಟರ್ ಬಳಸಿದಾಗ ಆಗೋದೇ ಹೀಗೆ. ಎತ್ತರದ ತುದಿಗಳನ್ನು ಒತ್ತಿ ಕೂರಿಸಿ, ಉಳಿದದ್ದನ್ನೆಲ್ಲ ಮೇಲೆತ್ತುತ್ತಾರೆ. ಮೊದಲ ಚರಣದಲ್ಲಿ ಎರಡರ ದನಿಯೂ ಸಮ ಅನ್ನಿಸುವವರೆಗೆ ರೀಮಾಸ್ಟರನ್ನು ತಗ್ಗಿಸಿದೆ. ತಂಗಿಯನ್ನು ಕೂರಿಸಿ, 'ನಂಗೆ ತೋರಿಸದೆ ಬದಲಾಯಿಸ್ತಾ ಇರು' ಅಂದೆ.

ಹತ್ತು ಸಲ ಬದಲಾಯಿಸಿದಳು. ಏಳು ಸಲ ಸರಿಯಾಗಿ ಹೇಳಿದೆ. ಅಂಥ ದೊಡ್ಡ ಸಾಧನೆ ಏನಲ್ಲ, ಸುಮ್ನೆ ಊಹಿಸಿದ್ದರೂ ಐದು ಬರುತ್ತಿತ್ತು. ಚರಣದಲ್ಲಿ ನನಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ, ತಪ್ಪಿದ್ದೆಲ್ಲ ಅಲ್ಲೇ. ಗುಟ್ಟು ಬಿಟ್ಟುಕೊಟ್ಟಿದ್ದು ಪಲ್ಲವಿಯ ಕೊನೆ. ಸಿಡಿಯಲ್ಲಿ ಆ ಮೇಲಿನ ಪಂಚಮ ಬಂದಾಗ ದನಿ ವಾದ್ಯಗಳಿಂದ ಬಿಡಿಸಿಕೊಂಡು ಮೇಲಕ್ಕೆ ಹಾರುತ್ತದೆ. ರೀಮಾಸ್ಟರಿನಲ್ಲಿ ಅಷ್ಟು ಹೊತ್ತಿಗಾಗಲೇ ಎಲ್ಲವೂ ಜೋರಾಗಿದೆ. ಸ್ವರ ಎತ್ತರದ್ದೇ, ಆದರೆ ಅದಕ್ಕೆ ತಲೆಯ ಮೇಲೆ ಜಾಗವಿಲ್ಲ. ಸೂರು ತಗ್ಗಿದ ಮನೆಯೊಳಗೆ ಉದ್ದನೆಯ ಮನುಷ್ಯ ನಿಂತಂತೆ. ಡ್ರಮ್ಮಿನ ಏಟೂ ಅಷ್ಟೇ. ಸಿಡಿಯಲ್ಲಿ 'ಠಪ್' ಅಂದರೆ ಇಲ್ಲಿ 'ಧಪ್'.

ರೀಮಾಸ್ಟರ್ ಕೆಟ್ಟದು ಅಂತಲ್ಲ. ಬಸ್ಸಿನಲ್ಲಿ, ರಸ್ತೆಯಲ್ಲಿ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದೇ ವಾಸಿ. ಮೆಲ್ಲಗಿನ ಭಾಗವೂ ಗದ್ದಲದಲ್ಲಿ ಮುಳುಗುವುದಿಲ್ಲ. ಬೇಸ್ ಇಷ್ಟಪಡುವವರಿಗೂ ಅದೇ ಹಿಡಿಸಬಹುದು.

ಇಲ್ಲಿ ನನ್ನದೊಂದು ಕಷ್ಟ ಹೇಳಿಬಿಡುತ್ತೇನೆ. ಇದಕ್ಕೂ ಮುಂಚೆ ಒಂದು ಕಡೆ 'ಮೂಲ ಆಲ್ಬಮ್' ಅಂತ ಬರೆದಿದ್ದ ಡಿಜಿಟಲ್ ಫೈಲಿಗೆ ದುಡ್ಡು ಕೊಟ್ಟಿದ್ದೆ. ಮುಖಪುಟ 1985ರದ್ದೇ. ತೆರೆದು ನೋಡಿದರೆ ಒಳಗೆ ಅದೇ ಕತ್ತರಿಸಿದ ಬೇಲಿ! ಮುಖಪುಟ ನೋಡಿ ಮಾಸ್ಟರಿಂಗ್ ಹೇಳೋಕಾಗಲ್ಲ. ಇನ್ನು ಎಷ್ಟೋ ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತವೆ, ಜೋರಾದದ್ದನ್ನು ತಗ್ಗಿಸುತ್ತವೆ. ಅಂದರೆ ಅಷ್ಟು ಒತ್ತಿ ಜೋರು ಮಾಡಿದ್ದೂ ಅಲ್ಲಿ ದಂಡ.

ಎಲ್‌ಪಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಂದು ಸಂಗತಿ ಮಾತ್ರ ಚೆನ್ನಾಗಿದೆ. ಈ ಹಾಡು 'ಹಂಟಿಂಗ್ ಹೈ ಅಂಡ್ ಲೋ' ಆಲ್ಬಮ್ಮಿನ ಮೊದಲ ಬದಿಯ ಮೊದಲ ಹಾಡು. ಅಂದರೆ ತಟ್ಟೆಯ ತೀರಾ ಹೊರಗಿನ ಸುತ್ತು. ಅಲ್ಲಿ ಮುಳ್ಳಿನ ಕೆಳಗೆ ಗೆರೆ ವೇಗವಾಗಿ ಓಡುತ್ತದೆ, ಹಾಗಾಗಿ 'ಸ', 'ಷ' ಶಬ್ದಗಳು ಶುದ್ಧವಾಗಿ ಬರುತ್ತವೆ. ಅದೇ ಬದಿಯ ಕೊನೆಯ ಹಾಡಿಗೆ ಹೋದರೆ ನನ್ನ ಪ್ರತಿಯಲ್ಲಿ ಅವು ಸಿಡಿಯುತ್ತವೆ. ಡ್ರಮ್ಮಿನ ಏಟು ಸಿಡಿಯಷ್ಟೇ ಜೀವಂತ. ಟಿಕ್ ಟಿಕ್ ಅನ್ನೋ ಗೀರು ಮಾತ್ರ ಶುರುವಿನ ಡ್ರಮ್ಮಿಗೇ ಬಂದು ತಗಲಿಕೊಂಡಿದೆ, ಏನ್ಮಾಡೋದು.

2017ರದ್ದನ್ನು ಇವುಗಳ ಸಾಲಿನಲ್ಲಿ ಇಡುವುದೇ ಅನ್ಯಾಯ. 'ಎಂಟಿವಿ ಅನ್‌ಪ್ಲಗ್ಡ್' ಅನ್ನೋ ಅಕೂಸ್ಟಿಕ್ ಸಂಗೀತದ ಟಿವಿ ಕಾರ್ಯಕ್ರಮಕ್ಕಾಗಿ ನಾರ್ವೆಯ ಗಿಸ್ಕೆ ದ್ವೀಪದಲ್ಲಿ ಹಾಡಿದ್ದು. ನಿಧಾನ ಗತಿ, ಪಿಯಾನೋ. ಹಾರ್ಕೆಟ್‌ಗೆ ಆಗ 57 ವರ್ಷ. ಮೇಲಿನ ಸ್ವರವನ್ನು ಗೆಲ್ಲಬೇಕಾದ ಗುರಿ ಅನ್ನೋ ಥರ ಹಿಡಿಯುವುದಿಲ್ಲ, ಮೆಲ್ಲಗೆ ಮುಟ್ಟಿ ಬಿಡುತ್ತಾರೆ. ಅದೇ ಪದಗಳು, ಆದರೆ 1985ರಲ್ಲಿ ಆತುರವಾಗಿ ಕೇಳುತ್ತಿದ್ದದ್ದು ಇಲ್ಲಿ ವಿದಾಯದ ಹಾಗೆ ಕೇಳಿಸಿತು. ರಾತ್ರಿ ಒಬ್ಬನೇ ಕೂತಿದ್ದಾಗ ಒಂದು ಸಲ ಹಾಕಿದೆ, ಆಮೇಲೆ ಬೇರೆ ಯಾವ ಹಾಡನ್ನೂ ಹಾಕಲಿಲ್ಲ.

ಸದ್ಯಕ್ಕೆ ಫೋನಿನಲ್ಲಿ ರೀಮಾಸ್ಟರ್ ಇದೆ, ಮನೆಯಲ್ಲಿ ಹಳೆಯ ಸಿಡಿ. ನೀವು ಒಂದನ್ನೇ ಹುಡುಕುವುದಾದರೆ ಆ ಸಿಡಿಯನ್ನೇ ಹುಡುಕಿ. ಐದನ್ನೂ ಕೇಳಿದ ತಂಗಿಗೆ ಯಾವುದು ಇಷ್ಟ ಆಯ್ತು ಅಂತ ಕೇಳಿದೆ. 1984ರದ್ದು ಅಂದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

'ಇದ್ರಲ್ಲಿ ಅವನಿಗೆ ಇನ್ನೂ ಗೊತ್ತಿಲ್ಲ ಅಣ್ಣ, ಹಾಡು ಓಡುತ್ತೆ ಅಂತ' ಅಂದವಳೇ ಮತ್ತೆ ಮೊದಲಿಂದ ಹಾಕಿದಳು.