ಹೊನಲು ಬೆಳಕಿನ ಕಬಡ್ಡಿ: ಆಟ ಮೇಲು, ಗ್ಯಾಲರಿ ಫೇಲು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಮ್ಯಾಟ್ ಹಾಸಿ ನಡೆಸುವ ಹೊನಲು ಬೆಳಕಿನ ಕಬಡ್ಡಿಗೆ ಹೋಗುವವರು ಕರಪತ್ರದಲ್ಲಿರುವ ಸಮಯ ನಂಬಬಾರದು. 16 ತಂಡಗಳ ನಾಕೌಟ್ ಎಂದರೆ 15 ಪಂದ್ಯ. ತಲಾ 20 ನಿಮಿಷದ ಎರಡು ಅವಧಿಗಳನ್ನು ಹತ್ತತ್ತಕ್ಕೆ ಇಳಿಸಿದರೂ ವಿರಾಮ, ಟೈಮ್‌ಔಟ್, ಅಂಪಾಯರ್ ಜತೆಗಿನ ಜಗಳ ಸೇರಿ ಪಂದ್ಯವೊಂದಕ್ಕೆ ಅರ್ಧ ಗಂಟೆ ಬೇಕೇ ಬೇಕು. ಅಂಕಣ ಒಂದೇ ಆದರೆ ಒಟ್ಟು ಏಳೂವರೆ ಗಂಟೆ. ಸಭಾ ಕಾರ್ಯಕ್ರಮ, ಶಾಲು, ಹಾರ ಎಲ್ಲ ಮುಗಿದು ಒಂಬತ್ತೂವರೆಗೆ ಮೊದಲ ರೈಡ್ ಆಯಿತೆಂದರೆ ಫೈನಲ್ ಮುಗಿಯುವಾಗ ಬೆಳಗ್ಗೆ ಐದು.

ತಡವಾದರೆ ನಿದ್ದೆಗಿಂತ ಹೆಚ್ಚು ಕೆಡುವುದು ಆಟ. ಡಿಸೆಂಬರ್, ಜನವರಿಯಲ್ಲಿ ತೋಟದ ನಡುವಿನ ಬಯಲಿಗೆ ನಡುರಾತ್ರಿ ದಾಟಿದ ಮೇಲೆ ಮಂಜು ಬೀಳುತ್ತದೆ, ಮ್ಯಾಟ್ ಜಾರುತ್ತದೆ, ತಿರುಗುವ ರೈಡರನ ಮೊಣಕಾಲು ಉಳುಕುತ್ತದೆ. ಪ್ರತಿ ಪಂದ್ಯಕ್ಕೂ ಒಣ ಬಟ್ಟೆಯಿಂದ ಒರೆಸಬೇಕು. ಒಂದೇ ಒದ್ದೆ ಗೋಣಿಯನ್ನು ರಾತ್ರಿಯಿಡೀ ಎಳೆದಾಡಿದರೆ ನೀರು ಆಚೆಯಿಂದ ಈಚೆಗೆ ಬರುತ್ತದೆ, ಅಷ್ಟೆ.

ಇನ್ನು ಗ್ಯಾಲರಿ. ಅಡಿಕೆ ಮರದ ಕಂಬ, ಹಗ್ಗದ ಕಟ್ಟು, ಮೇಲೆ ಹಲಗೆ. ಹತ್ತುವ ಮೊದಲು ಬಗ್ಗಿ ಕೆಳಗೆ ನೋಡಿ: ಕಂಬದಿಂದ ಕಂಬಕ್ಕೆ ಓರೆಯಾಗಿ ಕಟ್ಟಿದ ಆಧಾರ ಇದೆಯೇ? ಬರೀ ನೆಟ್ಟಗಿನ ಕಂಬಗಳಾದರೆ, ಎರಡು ಅಂಕದ ಹಿಡಿತವಾದ ಸೂಪರ್ ಟ್ಯಾಕಲ್‌ಗೆ ಜನ ಒಟ್ಟಿಗೆ ಎದ್ದು ಕುಣಿದಾಗ ಇಡೀ ಗ್ಯಾಲರಿ ಒಂದು ಬದಿಗೆ ವಾಲುತ್ತದೆ. ಕಂಬದ ಬುಡಕ್ಕೆ ಹಲಗೆಯೋ ಕಲ್ಲೋ ಇರಬೇಕು. ಗದ್ದೆಯ ಮಣ್ಣು ಮೆದು, ಭಾರಕ್ಕೆ ಇಳಿಯುತ್ತದೆ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ಗ್ಯಾಲರಿಯೇ ಕುಸಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡಿದ್ದರು. ನಮ್ಮಲ್ಲಿ ಇನ್ನೂ ಲೈಟಿಗೆ ಕೊಡುವ ದುಡ್ಡು ಕಂಬಕ್ಕಿಲ್ಲ.

ಕೂರುವ ಜಾಗವೂ ಮುಖ್ಯ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ; ರೈಡರ್ ದಾಟಿದರೆ ಹೆಚ್ಚುವರಿ ಅಂಕ ಸಿಗುವ ಬೋನಸ್ ಗೆರೆ ಮಧ್ಯರೇಖೆಯಿಂದ 4.75 ಮೀಟರ್ ದೂರ. ಒಂದು ಪಾದ ಗೆರೆ ದಾಟಿದಾಗ ಇನ್ನೊಂದು ಗಾಳಿಯಲ್ಲಿತ್ತೇ ಎಂಬುದು ಅಂಕಣದ ಉದ್ದದ ಬದಿಯಲ್ಲಿ, ಆ ಗೆರೆಯ ನೇರಕ್ಕೆ ಕೂತವರಿಗೆ ಮಾತ್ರ ಕಾಣುತ್ತದೆ. ಹಿಂಗೆರೆಯ ಹಿಂದಿನ ಗ್ಯಾಲರಿಗೆ ಕಾಣುವುದು ಡಿಫೆಂಡರ್‌ಗಳ ಬೆನ್ನು. ಆ ಒಳ್ಳೆಯ ಬದಿಗಳಲ್ಲಿ ಒಂದನ್ನು ವೇದಿಕೆಯೂ ಆಳೆತ್ತರದ ಟ್ರೋಫಿಗಳೂ ಹಿಡಿದಿರುತ್ತವೆ. ಎದುರು ಬದಿಗೆ ಬೇಗ ಹೋಗಿ.

ಊರ ತಂಡದ ಗೋಳು ಬೇರೆ. ದುಡ್ಡು ಸುರಿದು ಹೊರಗಿನಿಂದ ಇಬ್ಬರು ರೈಡರ್‌ಗಳನ್ನು ಕರೆಸುತ್ತಾರೆ. ಹಿಡಿಯುವ ಐವರು ಒಟ್ಟಿಗೆ ಒಂದು ವಾರವೂ ಅಭ್ಯಾಸ ಮಾಡಿರುವುದಿಲ್ಲ. ಕಾರ್ನರ್, ಅಂದರೆ ಮೂಲೆಯ ಆಟಗಾರ, ರೈಡರನ ಪಾದಕ್ಕೆ ಬಿದ್ದ ಕ್ಷಣವೇ ಒಳಬದಿಯ ಕವರ್ ಆಟಗಾರ ಬಂದು ಸೊಂಟಕ್ಕೆ ಒತ್ತಬೇಕು. ಇವರು ಬರುವುದು ಒಂದು ಹೆಜ್ಜೆ ತಡ. ಅಷ್ಟರಲ್ಲಿ ರೈಡರನ ಬೆರಳು ಮಧ್ಯರೇಖೆ ಮುಟ್ಟಿ, ಹಿಡಿದವರೆಲ್ಲ ಹೊರಗೆ. ಮೂವರೇ ಉಳಿದಾಗ ಒಂದು ಹಿಡಿತಕ್ಕೆ ಎರಡು ಅಂಕ ಸಿಗುತ್ತದೆ, ಅದೇ ಸೂಪರ್ ಟ್ಯಾಕಲ್. ಆಗಲೂ ಮೂಲೆಗೆ ಸರಿದು ಒಬ್ಬೊಬ್ಬರಾಗಿ ಔಟಾಗಿ, ಆಲೌಟಿನ ಎರಡು ಅಂಕವನ್ನೂ ಎದುರಾಳಿಗೆ ಕೊಟ್ಟು ಬರುತ್ತಾರೆ. ಮೈಕಿನವರು ಅದನ್ನೂ ಕನ್ನಡ, ತುಳು, ಮಲಯಾಳ ಮೂರರಲ್ಲಿ ಹೊಗಳುತ್ತಾರೆ!

ಗೋಳಿಬಜೆ, ಚಾ ಪರವಾಗಿಲ್ಲ. ಹನ್ನೆರಡರೊಳಗೆ ತಿನ್ನಿ, ಆಮೇಲಿನದ್ದು ತಣ್ಣಗಿನ ಎಣ್ಣೆಮುದ್ದೆ. ಬೈಕನ್ನು ಗದ್ದೆಗೆ ಇಳಿಸದೆ ರಸ್ತೆಬದಿಯಲ್ಲೇ ನಿಲ್ಲಿಸಿ. ಫೈನಲ್ ಮುಗಿದ ಮೇಲೆ ಹೊರಬರಲು ಇರುವುದು ಒಂದೇ ಬದು.